ಸಿಪಾಯಿಯ ಕೊಳಗ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರುಂಟು. ಅಲ್ಲಿ ದೇವಾಲಯದ ಮುಂದೆ ಶತಮಾನಗಳ ಕಾಲ ನಿಂತಿದ್ದ ಒಂದು ಕಲ್ಲನ್ನು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ. ಜೊತೆಗೆ ಹಳಗನ್ನಡದ ಬರಹ. ವಿಷಯವಿಷ್ಟು: ಕ್ರಿ. ಶ. 949ರಲ್ಲಿ ತಕ್ಕೋಲದ ಕಾಳಗ ನಡೆಯಿತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪಕ್ಷ ವಹಿಸಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಚಕ್ರವರ್ತಿ ಮೆಚ್ಚಿ ಬೂತುಗನಿಗೆ ನಾಡುಗಳನ್ನೇ ಕೊಟ್ಟನು. ನಮ್ಮ ಜಿಲ್ಲೆಯ ಬನವಾಸಿ ಹನ್ನೆರಡು ಸಾವಿರವೂ ಆ ಕೊಡುಗೆಯಲ್ಲಿ ಸೇರಿತ್ತು. ಬೂತುಗನ ಕಡೆಯಲ್ಲಿ ಮಣಲೆರನೆಂಬ ಯೋಧನೊಬ್ಬನಿದ್ದ. ಅವನ ಕಾದಾಟಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದನು. ಬನವಾಸಿಯಂಥ ನಾಡು ಕೈಯಿಂದ ಕೈಗೆ ದಾಟುತ್ತಿದ್ದ ಆ ಗಳಿಗೆಯಲ್ಲಿ ಮಣಲೆರ ಬೇಡಿದ್ದೇನು? ಕಾಳಿ ಎಂಬ ಹೆಸರಿನ ಒಂದು ನಾಯಿಯನ್ನು!

ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಮಣಲೆರನು ನಾಯಿಗಾಗಿ ಕಲ್ಲು ನಿಲ್ಲಿಸಿದನು. ಅವನಿಗೂ ಅನಂತರ ಊರುಗಳು ದೊರೆತವೆಂದು ಅದೇ ಕಲ್ಲು ಹೇಳುತ್ತದೆ. ಆದರೆ ಊರು ಒಡೆಯನಾಗಿ ಕೊಟ್ಟದ್ದು; ನಾಯಿ ಅವನಾಗಿ ಬಾಯಿಬಿಟ್ಟು ಕೇಳಿದ್ದು. ತರಗತಿಯಲ್ಲಿ ಈ ಶಾಸನವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ನನಗೆ ಮಾತ್ರ ಇದರಲ್ಲಿ ಹಾಸ್ಯಕ್ಕಿಂತ ಹೆಚ್ಚಿನದೊಂದು ಕಾಣುತ್ತದೆ. ಯುದ್ಧದಿಂದ ಮರಳಿದವನ ಸೇವೆಗೆ ರಾಜ್ಯ ಕಟ್ಟುವ ಬೆಲೆ ಒಂದು; ಅವನು ತನ್ನ ಮನಸ್ಸಿನಲ್ಲಿ ಅಳೆದುಕೊಳ್ಳುವ ಕೊಳಗ ಇನ್ನೊಂದು. ಇವೆರಡೂ ಒಂದೇ ಆಗುವುದು ಅಪರೂಪ.

ರಾಜ್ಯದ ಅಳತೆಗೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಬಹುಕಾಲ ಕನ್ನಡದ ಮೊದಲ ಶಾಸನವೆಂದು ಎಣಿಸಲ್ಪಟ್ಟ, ಸುಮಾರು ಕ್ರಿ. ಶ. 450ರ ಹಲ್ಮಿಡಿಯ ಶಾಸನವೇ ಒಬ್ಬ ವೀರನಿಗೆ ಕೊಟ್ಟ ಕೊಡುಗೆಯ ದಾಖಲೆ. ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟರೆಂಬುದು ಅದರ ಸಾರ. ಬಾಳ್ ಎಂದರೆ ಕತ್ತಿ. ಕತ್ತಿಯನ್ನು ತೊಳೆಯುವಾಗ ಕೊಡುವ ನೆಲ ಬಾಳ್ಗಚ್ಚು. ಮಡಿದವನ ಮನೆಯವರಿಗೆ ಕೊಡುವುದು ನೆತ್ತರುಗೊಡಗೆ. ಉಂಡ ಕಾಳಿನ ಋಣವನ್ನು ಕಾದಾಡಿ ತೀರಿಸುವುದು ಜೋಳವಾಳಿ. ಒಡೆಯನೊಡನೆ ಸಾಯುವೆನೆಂದು ಮಾತು ಕೊಡುವುದು ವೇಳೆವಾಳಿ. ಕರ್ನಾಟಕದ ಊರಬಾಗಿಲುಗಳಲ್ಲಿ, ಕೆರೆಯ ಏರಿಗಳ ಮೇಲೆ ನಿಂತಿರುವ ವೀರಗಲ್ಲುಗಳಿಗೆ ಲೆಕ್ಕವುಂಟೆ? ಆದರೆ ಒಂದು ಮಾತನ್ನು ಗಮನಿಸಬೇಕು. ಇವೆಲ್ಲ ಹೆಚ್ಚಾಗಿ ಸತ್ತವನ ಲೆಕ್ಕ. ಕಾದಿ, ಸಾಯದೆ, ಮನೆಗೆ ಬಂದು, ಹಟ್ಟಿಯಲ್ಲಿ ಎಮ್ಮೆ ಕಟ್ಟಿ, ಮಳೆಗಾಲದಲ್ಲಿ ಮಾಡಿನ ಹಂಚು ಕೈಯಾಡಿಸಿ ಮುದುಕನಾದವನಿಗೆ ನಮ್ಮ ಪೂರ್ವಿಕರೂ ಕಲ್ಲು ನಿಲ್ಲಿಸಿದ್ದು ಕಡಿಮೆ.

ನಮ್ಮ ಕಾಲದ ಬಾಳ್ಗಚ್ಚು ಪಿಂಚಣಿ. ಅದರ ಕಥೆ ಪತ್ರಿಕೆಯ ಓದುಗರಿಗೆ ಗೊತ್ತಿದ್ದದ್ದೇ. 2015ರಲ್ಲಿ ಒಂದೇ ದರ್ಜೆಗೆ ಒಂದೇ ಪಿಂಚಣಿ ಬೇಕೆಂದು ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರಿನಲ್ಲಿ ತಿಂಗಳುಗಟ್ಟಲೆ ಕುಳಿತರು. ಆ ವರ್ಷದ ಸೆಪ್ಟೆಂಬರ್ 5ರಂದು ಸರಕಾರ ಯೋಜನೆಯನ್ನು ಘೋಷಿಸಿ, 2014ರ ಜುಲೈ 1ರಿಂದ ಅನ್ವಯವೆಂದು ಹೇಳಿತು. ಅದು ತಮ್ಮ ಬೇಡಿಕೆಯಂತೆ ಇಲ್ಲವೆಂದು ಹಲವರು ಪದಕಗಳನ್ನೇ ಹಿಂದಿರುಗಿಸಲು ಹೊರಟರು. ಹಣದ ಆಸೆ ಎಂದು ಕೆಲವರು ಮೂಗು ಮುರಿದದ್ದುಂಟು. ನಾನು ಹಾಗೆ ತಿಳಿಯಲಾರೆ. ಹಣವಷ್ಟೇ ಮುಖ್ಯವಾಗಿದ್ದರೆ ಪದಕದ ಗೊಡವೆ ಏಕೆ ಬರಬೇಕು? ಒಂದೇ ಕಂದಕದಲ್ಲಿ ಒಂದೇ ಕೆಲಸ ಮಾಡಿದ ಇಬ್ಬರಲ್ಲಿ, ಮೊದಲು ನಿವೃತ್ತನಾದನೆಂಬ ಒಂದೇ ಕಾರಣಕ್ಕೆ ಒಬ್ಬನ ಸೇವೆ ಅಗ್ಗವೆನ್ನಿಸಿಕೊಳ್ಳಬಾರದೆಂಬುದು ಅವರ ವಾದವಾಗಿತ್ತು. ತೂಕ ಸರಿಯಿಲ್ಲದ ತಕ್ಕಡಿಯ ಮೇಲಿನ ಸಿಟ್ಟು ಅದು.

ಅಂಕೋಲೆಯ ಹಿರಿಯರಿಗೆ ಈ ತಕ್ಕಡಿಯ ಇನ್ನೊಂದು ರೂಪದ ಪರಿಚಯವಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಅನಂತರ ಕರನಿರಾಕರಣೆ. ರೈತರು ನೆಲ ಕಳೆದುಕೊಂಡರು, ದನಕರು ಕಳೆದುಕೊಂಡರು. ಸ್ವತಂತ್ರ ಭಾರತ 1972ರಲ್ಲಿ ಹೋರಾಟಗಾರರಿಗೆ ಪಿಂಚಣಿ ಕೊಡಲು ತೊಡಗಿದಾಗ ಸೇವೆಯನ್ನು ಮುಖ್ಯವಾಗಿ ಸೆರೆಮನೆಯ ತಿಂಗಳುಗಳಲ್ಲಿ ಅಳೆಯಿತು: ಸಾಮಾನ್ಯವಾಗಿ 6 ತಿಂಗಳು. ಸರಕಾರಕ್ಕೆ ಯಾವುದೋ ಒಂದು ಅಳತೆ ಬೇಕೇ ಬೇಕು, ಅದನ್ನು ದೂರಿ ಫಲವಿಲ್ಲ. ಆದರೆ ತಿಂಗಳು ಎಣಿಸುವ ಗುಮಾಸ್ತನ ಪುಸ್ತಕದಲ್ಲಿ ಸತ್ಯಾಗ್ರಹಿಗಳಿಗೆ ರಾತ್ರಿ ಗಂಜಿ ಕಾಯಿಸಿ ಕೊಟ್ಟ ತಾಯಿಗೆ ಯಾವ ಕಲಂ ಇರುತ್ತದೆ?

ಇನ್ನು ಕೆಲವು ಸಲ ಅಳೆಯುವವನು ವೈರಿಯ ಕಡೆಯವನೇ ಆಗಬೇಕಾಗುತ್ತದೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ನಮ್ಮ ಕಡತದಲ್ಲಿ ಅವರು ಕಾಣೆಯಾದವರು, ಅಷ್ಟೆ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ, ಪಾಕಿಸ್ತಾನದ ವಾಯುದಳದ ದಾಖಲೆಗಳನ್ನು ನೋಡಿ ಬರೆದ ಪುಸ್ತಕ ಹೊರಬಂದಿತು. ಹಳೆಯ ಮಿಸ್ಟೇರ್ ವಿಮಾನವೊಂದು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರಿನೊಡನೆ ಸೆಣಸಿ ಅದನ್ನು ಕೆಡವಿತ್ತೆಂಬುದು ಆಗ ಬೆಳಕಿಗೆ ಬಂದಿತು. ಆ ಮಿಸ್ಟೇರಿನಲ್ಲಿದ್ದವರು ದೇವಯ್ಯನವರು. 1988ರಲ್ಲಿ, ಎಂದರೆ 23 ವರ್ಷಗಳ ಮೇಲೆ, ಅವರಿಗೆ ಮಹಾವೀರ ಚಕ್ರ ಸಂದಿತು. ಆ ಪುಸ್ತಕ ಬರೆಯಲ್ಪಡದೆ ಹೋಗಿದ್ದರೆ? ಅವರು ಆ ದಿನ ಮಾಡಿದ್ದು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಮಗೆ ತಿಳಿಯುತ್ತಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ಕಾರವಾರದ ಕಡೆಯ ಮಾತಿಗೆ ಬರುವುದಕ್ಕಾಗಿ. ಕಾರವಾರದ ಕಡಲತೀರದಲ್ಲಿ, ಹಳೆಯ ಯುದ್ಧನೌಕೆ ಚಪಲ್ ಅನ್ನು ದಡಕ್ಕೇರಿಸಿ ಸಂಗ್ರಹಾಲಯ ಮಾಡಿರುವಲ್ಲಿ, ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಸಂಜೆ ಗಾಳಿ ತಿನ್ನಲು ಬಂದವರು ಪ್ರತಿಮೆಯ ಬಳಿ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಪರಮವೀರ ಚಕ್ರ ಎಂಬ ಮಾತನ್ನು ಓದಿ, ಎಷ್ಟು ಮಂದಿ ವೈರಿಗಳನ್ನು ಕೊಂದರೋ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರಿಗೆ ಉತ್ತರ ಹೊಳೆಯುವುದಿಲ್ಲ. ಹೊಳೆಯದಿರುವುದು ಸಹಜ. ಏಕೆಂದರೆ ದೇಶದ ಅತ್ಯುಚ್ಚ ಪದಕ ರಾಣೆಯವರಿಗೆ ಸಂದದ್ದು ಕೊಂದದ್ದಕ್ಕಲ್ಲ, ದಾರಿ ಬಿಡಿಸಿದ್ದಕ್ಕೆ.

ರಾಣೆಯವರು ಕಾರವಾರ ತಾಲ್ಲೂಕಿನ ಚೆಂಡಿಯಾದವರು. ಹುಟ್ಟಿದ್ದು 1918ರ ಜೂನ್ 26. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಸೇವೆ ಸಲ್ಲಿಸಿ, ಕೆಳಗಿನ ದರ್ಜೆಗಳನ್ನು ಒಂದೊಂದಾಗಿ ಹತ್ತಿ, 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕಾಶ್ಮೀರದ ನೌಶೇರಾ–ರಾಜೌರಿ ರಸ್ತೆಯ ಮೇಲಿದ್ದರು. ರಾಜೌರಿಯಲ್ಲಿ ಜನ ಸಾಯುತ್ತಿದ್ದಾರೆ, ಬೇಗ ತಲುಪಬೇಕು; ಟ್ಯಾಂಕುಗಳು ಸಿದ್ಧವಾಗಿವೆ; ಆದರೆ ರಸ್ತೆಯಿಲ್ಲ. ರಸ್ತೆಯಿದ್ದಲ್ಲೆಲ್ಲ ನೆಲಬಾಂಬು, ಕಡಿದುರುಳಿಸಿದ ಮರ, ಒಡೆದ ಮೋರಿ. ಅದನ್ನು ತೆರವು ಮಾಡುವುದು ರಾಣೆ ಮತ್ತು ಅವರ ಕೈಕೆಳಗಿನ ಸಣ್ಣ ತಂಡದ ಪಾಲಿನ ಕೆಲಸ.

1948ರ ಏಪ್ರಿಲ್ 8ರಂದು ಕೆಲಸ ತೊಡಗುವ ಮೊದಲೇ ಮಾರ್ಟರ್ ಗುಂಡು ಬಿದ್ದು ತಂಡದ ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ಅವರು ಅಂದೇ ನೆಲಬಾಂಬುಗಳನ್ನು ತೆಗೆಯಲು ಬಗ್ಗಿದರು. ರಾತ್ರಿಯೂ ಕೆಲಸ ನಿಲ್ಲಲಿಲ್ಲ. ಮರುದಿನ 12 ತಾಸು ಎಡೆಬಿಡದೆ ದುಡಿದರು. ತಡೆಯನ್ನು ಕೀಳಲಾಗದ ಕಡೆ ಪಕ್ಕದಲ್ಲಿ ಬೇರೆ ಹಾದಿ ಕಡಿದರು. ಮೂರನೆಯ ದಿನ ದೊಡ್ಡ ದೊಡ್ಡ ಪೈನ್ ಮರಗಳು ಅಡ್ಡ ಬಿದ್ದಿದ್ದವು, ಮದ್ದಿಟ್ಟು ಸಿಡಿಸಿದರು. ಮೇಲಿನ ಗುಡ್ಡದಿಂದ ಮೆಷಿನ್‌ಗನ್ನಿನ ಗುಂಡು ಬೀಳುತ್ತಲೇ ಇತ್ತು. ಒಂದು ಕಡೆಯಂತೂ ಟ್ಯಾಂಕಿನ ಅಡಿಯಲ್ಲಿಯೇ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ನಿಲ್ಲು, ನಡೆ ಎಂದು ಸೂಚಿಸುತ್ತ ಮುಂದೆ ಸಾಗಿದರೆಂದು ಆ ಕಾಳಗದ ವೃತ್ತಾಂತಗಳಲ್ಲಿದೆ. 11ನೆಯ ತಾರೀಖಿನವರೆಗೂ ಇದೇ ಕಥೆ. ಟ್ಯಾಂಕುಗಳು ಚಿಂಗಸ್ ದಾಟಿದವು, ರಾಜೌರಿ ಕೈಸೇರಿತು.

ಈ ನಾಲ್ಕು ದಿನಗಳಲ್ಲಿ ರಾಣೆಯವರ ಕೈಯಲ್ಲಿದ್ದದ್ದು ಹೆಚ್ಚಾಗಿ ಗುದ್ದಲಿ, ಸಲಿಕೆ, ಸಿಡಿಮದ್ದು. ವೈರಿಯ ಮುಖವನ್ನು ಅವರು ನೋಡಿದ್ದಕ್ಕಿಂತ ನೆಲದ ಮಣ್ಣನ್ನು ನೋಡಿದ್ದೇ ಹೆಚ್ಚಿರಬೇಕು. ತನ್ನ ಹಿಂದೆ ಬರುವ ಟ್ಯಾಂಕು ಸಿಡಿಯದೆ ದಾಟಿತೆ, ಇಲ್ಲವೆ? ಅಲ್ಲಿ ಇದ್ದ ಅಳತೆ ಇದೊಂದೇ. 1950ರಲ್ಲಿ ಪರಮವೀರ ಚಕ್ರ ಪ್ರಕಟವಾಯಿತು. ಇದುವರೆಗೆ ಆ ಪದಕ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಬಂದದ್ದು. ಉಳಿದ ಏಳು ಮಂದಿಯಲ್ಲಿ ಇವರೊಬ್ಬರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಈ ವೀರರ ಹೆಸರಿಟ್ಟಾಗ ಒಂದಕ್ಕೆ ರಾಣೆಯವರ ಹೆಸರು ಬಂದಿತು. ಹಾದಿ ಕಡಿದವರ ಹೆಸರು ಹಾದಿಯೇ ಇಲ್ಲದ ದ್ವೀಪಕ್ಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ನಗೆಯಾಡಿದರು.

ಪ್ರತಿಮೆಯಾದವರ ಮಾತು ಇಷ್ಟಾಯಿತು. ಪ್ರತಿಮೆಯಾಗದವರು? ಅವರ ಸಂಖ್ಯೆಯೇ ಹೆಚ್ಚಲ್ಲವೆ?

ಕಾರವಾರದಿಂದ ಕಾಳಿನದಿಯ ಗುಂಟ ಮೇಲಕ್ಕೆ ಹೋದರೆ ಕದ್ರಾ. ಅಣೆಕಟ್ಟು, 50 ಮೆಗಾವಾಟಿನ ಮೂರು ಯಂತ್ರಗಳ ವಿದ್ಯುದಾಗರ. ಹಿನ್ನೀರಿನ ದಡದಲ್ಲಿ ಕೈಗಾ. ಕೈಗಾದ ಮೊದಲನೆಯ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯ ದಿನದವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿದ್ದು ಓದುಗರಿಗೆ ನೆನಪಿರಬಹುದು. ಯಂತ್ರದ ಸೇವೆಯನ್ನು ಅಳೆಯುವುದು ಸುಲಭ, ದಿನ ಎಣಿಸಿದರಾಯಿತು. ಅದೇ ಕದ್ರಾದಲ್ಲಿ ನನ್ನ ಪರಿಚಯದ ಒಬ್ಬ ಮಾಜಿ ಹವಾಲ್ದಾರರಿದ್ದಾರೆ. ಅವರ ತಂಗಿಯ ಮಗ ನನ್ನ ವಿದ್ಯಾರ್ಥಿ. ಕೇರಿಯವರೆಲ್ಲ ಅವರನ್ನು ಕರೆಯುವುದು ಮಿಲಿಟರಿ ಮಾಮ ಎಂದು. ಮಾತಿನಲ್ಲಿ ಕೊಂಕಣಿ, ಕನ್ನಡ, ಫೌಜಿನ ಹಿಂದಿ ಮೂರೂ ಒಂದೇ ತಪ್ಪಲೆಯಲ್ಲಿ ಬೇಯುತ್ತವೆ. ಅವರು ಸೇನೆಯ ಸರಬರಾಜು ಪಡೆಯಲ್ಲಿ ಲಾರಿ ಚಾಲಕರಾಗಿದ್ದವರು. 1978ರಲ್ಲಿ ಸೇರಿ 17 ವರ್ಷ ಶಕ್ತಿಮಾನ್ ಲಾರಿ ನಡೆಸಿ ಮನೆಗೆ ಬಂದರು.

ಒಮ್ಮೆ ಊರಿನ ಶಾಲೆಯ ಮುಖ್ಯೋಪಾಧ್ಯಾಯರು ಸ್ವಾತಂತ್ರ್ಯದಿನದಂದು ಇವರಿಗೆ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸತ್ಕರಿಸಬೇಕೆಂದು ಬಯಸಿದರು. ಭಾಷಣಕ್ಕೆ ನನ್ನನ್ನು ಕರೆದಿದ್ದರು. ಹವಾಲ್ದಾರರು ಖಂಡಿತವಾಗಿ ಒಲ್ಲೆನೆಂದರು. ನಾನು ಅವರ ಮನೆಯ ಜಗಲಿಯಲ್ಲಿ ಕುಳಿತು ಕಾರಣ ಕೇಳಿದೆ.

"ಬೇಡ ಮಾಸ್ತರೇ. ಶಾಲು ಹೊದಿಸಿದರೆ ಮಕ್ಕಳು ಯುದ್ಧದ ಕಥೆ ಕೇಳುತ್ತವೆ. ನಾನು ಯಾವ ಯುದ್ಧ ಮಾಡಿದವ? ಪರೇಡಿನಲ್ಲಿ ಬಿಟ್ಟರೆ ನನ್ನ ಬಂದೂಕಿನಿಂದ ಒಂದು ಗುಂಡು ಹಾರಿಲ್ಲ. ಅಕ್ಕಿ ಹೊತ್ತೆ, ಬಟಾಟೆ ಹೊತ್ತೆ, ಚಿಮಣಿ ಎಣ್ಣೆ ಹೊತ್ತೆ. ಅಂಕೋಲೆ ಕಡೆಗೆ ಕಾರ್ಗಿಲಿನಲ್ಲಿ ಪೆಟ್ಟು ತಿಂದವರು ಒಬ್ಬರಿದ್ದಾರೆ, ಅವರನ್ನು ಕರೆಯಿರಿ."

ಈ ಮಾತು ವಿನಯಕ್ಕಾಗಿ ಆಡಿದ್ದಲ್ಲ. ನಿಜವಾಗಿಯೂ ಅವರು ಹಾಗೆಯೇ ನಂಬಿದ್ದರು. ಆಮೇಲೆ ಬೇರೆ ಕೆಲವು ಮಾಜಿ ಸೈನಿಕರನ್ನು ಕಂಡಾಗ ನನಗೆ ತಿಳಿದದ್ದು, ಈ ನಂಬಿಕೆ ಎಷ್ಟು ಸಾಮಾನ್ಯವೆಂದು. ಹಿಂದಿನ ಸಾಲಿನವನು ಮುಂದಿನ ಸಾಲಿನವನನ್ನು ನೋಡಿ ತಾನೇನು ಮಾಡಿದೆ ಎನ್ನುತ್ತಾನೆ. ಮುಂದಿನ ಸಾಲಿನವನು ಗಾಯಗೊಂಡವನನ್ನು ನೋಡಿ ಹಾಗೆನ್ನುತ್ತಾನೆ. ಗಾಯಗೊಂಡವನು ಸತ್ತವನನ್ನು ನೆನೆದು ಸುಮ್ಮನಾಗುತ್ತಾನೆ. ಸತ್ತವನೊಬ್ಬನಿಗೇ ಲೆಕ್ಕ ಚುಕ್ತಾ. ಈ ಏಣಿಯನ್ನು ಅವರ ಕೈಗೆ ಕೊಟ್ಟವರು ನಾವಲ್ಲದೆ ಮತ್ತಾರು? ಕಾಳಗದ ಕಥೆಯಿಲ್ಲದ ಸಿಪಾಯಿಯ ಮಾತನ್ನು ನಾವು ಎರಡು ನಿಮಿಷ ಕೇಳಿ ಗಡಿಯಾರ ನೋಡುತ್ತೇವೆ. ಅವನೂ ನೋಡುತ್ತಾನೆ, ನಾವು ನೋಡಿದ್ದನ್ನು.

ನಾನು ರಾಣೆಯವರ ಮಾತೆತ್ತಿದೆ. ಅವರದೂ ರಸ್ತೆಯ ಕೆಲಸವೇ ಅಲ್ಲವೆ ಎಂದೆ. ಹವಾಲ್ದಾರರು ನಕ್ಕು, "ಪಿಂಚಣಿ ಕೆಲಸಕ್ಕೆ ಕಾರವಾರಕ್ಕೆ ಹೋದಾಗೆಲ್ಲ ಆ ಸಾಹೇಬರಿಗೆ ಒಂದು ಸೆಲ್ಯೂಟು ಹೊಡೆದೇ ಬರುತ್ತೇನೆ. ಆದರೆ ಅವರ ರಸ್ತೆಯ ಮೇಲೆ ಗುಂಡು ಬೀಳುತ್ತಿತ್ತು. ನಮ್ಮ ರಸ್ತೆಯ ಮೇಲೆ ಬರೀ ಹಿಮ" ಎಂದರು.

ಬರೀ ಹಿಮ! ಆ ರಸ್ತೆ ಶ್ರೀನಗರದಿಂದ ಜೋಜಿಲಾ ಕಣಿವೆ ಹತ್ತಿ ದ್ರಾಸ್, ಕಾರ್ಗಿಲ್ ಮೇಲೆ ಲೇಹಕ್ಕೆ ಹೋಗುವ ರಸ್ತೆ. ಜೋಜಿಲಾದ ಎತ್ತರ 11,500 ಅಡಿಗೆ ಕಡಿಮೆಯಿಲ್ಲ. ಆ ಕಾಲದಲ್ಲಿ ಚಳಿಗಾಲ ಬಂತೆಂದರೆ ಹಿಮ ಬಿದ್ದು ತಿಂಗಳುಗಟ್ಟಲೆ ಕಣಿವೆ ಮುಚ್ಚಿಹೋಗುತ್ತಿತ್ತು. ಮುಚ್ಚುವ ಮೊದಲು, ಬೇಸಗೆಯ ಆ ಕೆಲವೇ ತಿಂಗಳಲ್ಲಿ, ಆಚೆಯ ಪಡೆಗಳಿಗೆ ಇಡೀ ಚಳಿಗಾಲದ ಧಾನ್ಯ, ಎಣ್ಣೆ, ಔಷಧಿ, ಬಟ್ಟೆ ಎಲ್ಲ ತಲುಪಬೇಕು. ಇಕ್ಕಟ್ಟಾದ ಮಣ್ಣಿನ ದಾರಿ. ಈ ಕಡೆಯ ಲಾರಿಗಳ ಸಾಲು ದಾಟಿದ ಮೇಲೆ ಆ ಕಡೆಯದನ್ನು ಬಿಡುತ್ತಿದ್ದರು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪಾತಾಳ. ಹವಾಲ್ದಾರರು ಹೊತ್ತ ಚಿಮಣಿ ಎಣ್ಣೆ ಮೇಲೆ ಮುಟ್ಟದಿದ್ದರೆ ಹಿಮದ ಗುಡಾರದಲ್ಲಿ ಒಲೆ ಉರಿಯುವುದಿಲ್ಲ. ಒಲೆ ಉರಿಯದಿದ್ದರೆ ಅಲ್ಲಿ ಕುಡಿಯಲು ನೀರೂ ಇಲ್ಲ, ಹಿಮವನ್ನು ಕರಗಿಸಿಯೇ ನೀರು ಮಾಡಿಕೊಳ್ಳಬೇಕು. ಇದನ್ನು ಅವರು ಹೇಳಿದ್ದು ನಮ್ಮೂರ ಕೃಷಿಕ ತೋಟಕ್ಕೆ ನೀರು ಬಿಡುವುದನ್ನು ಹೇಳುವ ದನಿಯಲ್ಲಿ.

ಅವರ ನಿಜವಾದ ಕೊಳಗ ನನಗೆ ಸಿಕ್ಕಿದ್ದು ಮಾತಿನ ನಡುವೆ, ಅಕಸ್ಮಾತ್ತಾಗಿ. ಲಾರಿಗಳ ಸಾಲಿನಲ್ಲಿ ಕಟ್ಟಕಡೆಯ ಲಾರಿಯನ್ನು ನಂಬಿಕೆಯವರಿಗೇ ಕೊಡುತ್ತಾರಂತೆ. ಯಾವ ಲಾರಿ ಕೆಟ್ಟು ನಿಂತರೂ ಕಡೆಯವನು ಅದನ್ನು ದಾಟಿ ಹೋಗುವಂತಿಲ್ಲ. ಅದು ನಡೆದರೆ ಇವನು ನಡೆಯಬೇಕು, ನಿಂತರೆ ನಿಲ್ಲಬೇಕು. ಸಂಜೆ ಠಾಣ್ಯ ಮುಟ್ಟಿದಾಗ ಅಧಿಕಾರಿಯ ಮುಂದೆ ನಿಂತು ಒಂದು ವರದಿ ಒಪ್ಪಿಸಬೇಕು: ಹಿಂದೆ ಯಾರೂ ಉಳಿದಿಲ್ಲ. ಅನೇಕ ವರ್ಷ ಅವರದು ಆ ಕಡೆಯ ಲಾರಿ. "ಅದೊಂದು ಮಾತು ಹೇಳಿದರೆ ಆ ದಿನದ ಅನ್ನ ಜೀರ್ಣವಾಗುತ್ತಿತ್ತು ಮಾಸ್ತರೇ" ಎಂದರು. ನಾನು ಪಂಪನ ಕಾಲದ ಜೋಳವಾಳಿಯನ್ನು ನೆನೆದೆ. ಉಂಡ ಅನ್ನದ ಋಣ ಎಂಬ ಮಾತನ್ನು ವಿದ್ಯಾರ್ಥಿಗಳಿಗೆ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತ್ತು. ಇಲ್ಲಿ ಒಬ್ಬರು ಅದನ್ನು ಜೀರ್ಣಶಕ್ತಿಯ ಮಾತಾಗಿ ಸಲೀಸಾಗಿ ಹೇಳಿಬಿಟ್ಟರು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿದರು. ಒಂದು ವರ್ಷ ಮೊದಲ ಹಿಮ ಬೇಗ ಬಿದ್ದಿತ್ತು. ಇಳಿಜಾರಿನಲ್ಲಿ ಅವರ ಮುಂದಿನ ಲಾರಿ ಜಾರಿತು. ಅದರಲ್ಲಿದ್ದವ ಸಾತಾರೆಯ ಹುಡುಗ, ಆರು ತಿಂಗಳಿನ ಹಿಂದಷ್ಟೆ ಸೇರಿದವ. ಕಣ್ಣೆದುರಿಗೇ ಹೋಯಿತು, ಎಂದರು. ಆ ಸಂಜೆ ವರದಿ ಒಪ್ಪಿಸುವಾಗ ಬಾಯಿ ಬರಲಿಲ್ಲವಂತೆ. ಅಧಿಕಾರಿ ಒಳ್ಳೆಯವರು, ಏನೂ ಕೇಳದೆ ಬೆನ್ನು ತಟ್ಟಿ ಕಳಿಸಿದರಂತೆ. ಸಾವಿರ ಸಲ ಹೇಳಿದ ಮಾತಿನ ಲೆಕ್ಕ ಅವರ ಬಳಿಯಿಲ್ಲ; ಹೇಳಲಾಗದ ಆ ಒಂದು ದಿನದ ಲೆಕ್ಕವಿದೆ. ಶಾಲು ಬೇಡವೆಂದದ್ದರ ಇನ್ನರ್ಧ ಕಾರಣ ಅದು. ತಪ್ಪು ನಿಮ್ಮದಲ್ಲವಲ್ಲ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದ್ದಕ್ಕೋ, ನನ್ನ ಮಾತಿಗೆ ಮರ್ಯಾದೆ ಕೊಡುವುದಕ್ಕೋ ತಿಳಿಯಲಿಲ್ಲ.

ಸೈನಿಕನ ತಕ್ಕಡಿಯ ಒಂದು ತಟ್ಟೆಯಲ್ಲಿ ಯಾವಾಗಲೂ ಹೀಗೆ ಜೊತೆಯವನೊಬ್ಬ ಕುಳಿತಿರುತ್ತಾನೆಂದು ತೋರುತ್ತದೆ. ದರ್ಜೆಗೂ ಇದಕ್ಕೂ ಸಂಬಂಧವಿಲ್ಲ. 1965ರಲ್ಲಿ ಕೊಡಗಿನ ಕಾರಿಯಪ್ಪನವರ ಮಗ ಪಾಕಿಸ್ತಾನದ ಸೆರೆ ಸಿಕ್ಕಾಗ, ಒಂದು ಕಾಲಕ್ಕೆ ತಂದೆಯ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನರು ಹುಡುಗನನ್ನು ಬೇರೆಯಾಗಿ ನೋಡಿಕೊಳ್ಳುವ ಮಾತಾಡಿದರೆಂದೂ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡವೆಂದು ಕಾರಿಯಪ್ಪನವರು ಉತ್ತರಿಸಿದರೆಂದೂ ಎಲ್ಲರೂ ಬಲ್ಲ ಕಥೆ. ಮಹಾದಂಡನಾಯಕರ ಕೊಳಗವೂ ಲಾರಿ ಚಾಲಕನ ಕೊಳಗವೂ ಒಂದೇ ಅಂಗಡಿಯದು.

ನಿವೃತ್ತಿಯಾದ ಮೇಲೆಯೂ ಈ ಕೊಳಗ ಕೈಬಿಡುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಗಂಗಾವಳಿ ನದಿಗೆ ಇಳಿದಾಗ, ಕೇರಳದ ಲಾರಿಯೊಂದು ಚಾಲಕನ ಸಹಿತ ಕಾಣೆಯಾಯಿತು. ಮಣ್ಣಿನಡಿಯನ್ನೂ ನೀರಿನಡಿಯನ್ನೂ ಶೋಧಿಸಬಲ್ಲ ಉಪಕರಣಗಳೊಡನೆ ಅಲ್ಲಿಗೆ ಬಂದವರು ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್. ಮಳೆಯಲ್ಲಿ ನದಿಯ ಸೆಳವು ಎಷ್ಟಿತ್ತೆಂದರೆ ಮುಳುಗುಗಾರರು ಇಳಿಯುವಂತಿರಲಿಲ್ಲ. ಸೆಪ್ಟೆಂಬರ್ 25ರಂದು ಲಾರಿಯೂ ಚಾಲಕನ ದೇಹವೂ ನದಿಯಿಂದ ಮೇಲೆ ಬಂದವು. ಬದುಕಿಸಲಾಗಲಿಲ್ಲ, ಆದರೆ ಹಿಂದೆ ಬಿಟ್ಟುಬರಲೂ ಇಲ್ಲ. ಆ ಸುದ್ದಿಯನ್ನು ಓದಿದ ದಿನ ನಮ್ಮ ಹವಾಲ್ದಾರರು ಹೊತ್ತುಮೀರಿ ಊಟ ಮಾಡಿದರೆಂದು ಅವರ ಸೋದರಳಿಯ ಹೇಳಿದ.

ಅದೇ ಹುಡುಗ ಹೇಳಿದ ಇನ್ನೊಂದು ಸಂಗತಿಯುಂಟು. 2021ರ ಜುಲೈಯಲ್ಲಿ ಮಳೆ ಮೇರೆ ಮೀರಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ತಗ್ಗಿನ ಹಳ್ಳಿಗಳಿಗೆ ಕಾಳಿ ನುಗ್ಗಿತು. ಕಾರವಾರದಿಂದ ನೌಕಾದಳದ ತಂಡಗಳು ದೋಣಿ ತಂದು ಜನರನ್ನು ಪಾರುಮಾಡಿದವು. ಮಿಲಿಟರಿ ಮಾಮನ ಕೇರಿಯವರು ನೀರು ಅಂಗಳಕ್ಕೆ ಬರುವ ಮೊದಲೇ ಎತ್ತರದ ಕಡೆಗೆ ಹೊರಟಿದ್ದರು. ಎಲ್ಲರೂ ದಾಟಿದರೂ ಮಾಮನ ಪತ್ತೆಯಿಲ್ಲ. ಅವರು ಹಿಂದೆ ಉಳಿದು, ಕೈಬೆತ್ತರಿ ಹಿಡಿದು, ಮನೆಮನೆಯ ಕದ ತಟ್ಟಿ ಒಳಗೆ ಇಣುಕಿ ಬರುತ್ತಿದ್ದರು. ಒಂದು ಮನೆಯಲ್ಲಿ ಕಿವಿ ಕೇಳದ ಅಜ್ಜಿಯೊಬ್ಬಳು, ಮಗ ಕರೆದೊಯ್ದಿದ್ದಾನೆಂದು ಸೊಸೆಯೂ, ಸೊಸೆ ಕರೆದೊಯ್ದಿದ್ದಾಳೆಂದು ಮಗನೂ ತಿಳಿದಿದ್ದುದರಿಂದ, ಒಲೆಯ ಮುಂದೆ ಬೆಚ್ಚಗೆ ಕುಳಿತಿದ್ದಳು. ಮೊಣಕಾಲುದ್ದದ ನೀರಿನಲ್ಲಿ ಅವಳನ್ನು ಬೆನ್ನ ಮೇಲೆ ಹೊತ್ತು ಮಾಮ ಕೊನೆಯವರಾಗಿ ಬಂದರು. ಬಂದವರು ಯಾರಿಗೆ ವರದಿ ಒಪ್ಪಿಸಬೇಕೆಂದು ತಿಳಿಯದೆ ಒಂದು ಗಳಿಗೆ ಸುಮ್ಮನೆ ನಿಂತಿದ್ದರಂತೆ.

ಈ ಸಂಗತಿಯನ್ನು ನನ್ನೆದುರಿಗೆ ಅವರು ಎಂದೂ ಎತ್ತಲಿಲ್ಲ. ಅದು ಸೇವೆಯ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ತೋಚಿರಲಾರದು.

ಶಾಲೆಯ ಸತ್ಕಾರಕ್ಕೆ ಅವರು ಕಡೆಗೂ ಒಪ್ಪಲಿಲ್ಲ. ಮುಖ್ಯೋಪಾಧ್ಯಾಯರೂ ಹಟವಾದಿ. ಹಾಗಾದರೆ ಬೆಳಗಿನ ಪ್ರಭಾತಫೇರಿಗಾದರೂ ಬನ್ನಿ, ಕೈಗಾ ರಸ್ತೆಯಲ್ಲಿ ಲಾರಿ, ಬಸ್ಸು ಹೆಚ್ಚು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು ಎಂದರು. ಅದಕ್ಕೆ ಹವಾಲ್ದಾರರು ಕೂಡಲೆ ಹೂಂ ಎಂದರು. ಆಗಸ್ಟ್ 15ರ ಬೆಳಗ್ಗೆ ಜಿಟಿಜಿಟಿ ಮಳೆ. ಮುಂದೆ ಬಾವುಟ, ಬಾವುಟದ ಹಿಂದೆ ಛತ್ರಿಗಳ ಸಾಲು. ಎಲ್ಲರ ಹಿಂದೆ, ಇಸ್ತ್ರಿಯ ಬಿಳಿ ಅಂಗಿಯ ಮೇಲೆ ರೇನ್‌ಕೋಟು ತೊಟ್ಟು, ಮಿಲಿಟರಿ ಮಾಮ. ಚಪ್ಪಲಿಯ ಬಾರು ಹರಿದು ನಿಂತ ಮಗುವಿಗಾಗಿ ಅವರೂ ನಿಂತರು. ಅದು ನಡೆದಾಗ ನಡೆದರು. ಶಾಲೆಯ ಅಂಗಳಕ್ಕೆ ಬಂದ ಮೇಲೆ ಮುಖ್ಯೋಪಾಧ್ಯಾಯರ ಮುಂದೆ ಹಿಮ್ಮಡಿ ಕೂಡಿಸಿ ನಿಂತು, "112 ಮಕ್ಕಳು. ಹಿಂದೆ ಯಾರೂ ಉಳಿದಿಲ್ಲ" ಎಂದರು. ಹಾಜರಿ ಪುಸ್ತಕದಲ್ಲಿ 111 ಮಾತ್ರ ಇತ್ತು. ಮತ್ತೆ ಎಣಿಸಿದರು, 112 ಸರಿಯಾಗಿಯೇ ಇತ್ತು. ಅಂಗನವಾಡಿಯ ಒಂದು ಪೋರ ಅಣ್ಣನ ಬೆನ್ನು ಹತ್ತಿ, ಕಾಗದದ ಬಾವುಟವನ್ನು ಬಾಯಲ್ಲಿ ಕಚ್ಚಿಕೊಂಡು, ಇಡೀ ದಾರಿ ನಡೆದು ಬಂದಿತ್ತು.